ನಾಷ್ಟಾಕ್ಕೆ ಮುಂಚೆ ಮಾಯವಾಗುವ ಜಾಹೀರಾತು

"ಇವತ್ತೂ ತಿಂದು ಮುಗಿಸ್ಯಾನ್ರಿ! ನನ್ನ ನಾಷ್ಟಾ ಆಗೋದ್ರಾಗ ಅವನ ಊಟಾನ ಮುಗದಿರತೈತಿ!"

ಸವದತ್ತಿಯ ಲಾಡ್ಜ್ ಮಾಲೀಕ ವಿರೂಪಾಕ್ಷ ತನ್ನ ಲಾಡ್ಜಿನ ಮೇಜು ಗುದ್ದಿದಾಗ ಮೊದಲು ಚಹಾದ ಕಪ್ಪು ಹಾರಿತು, ಹಿಂದೆಯೇ ಸುಭಾಸನ ತಾಳ್ಮೆ. ಬೈಲಹೊಂಗಲದ ಪತ್ತೇದಾರ ನಿಜಗುಣಪ್ಪನವರ ಜೊತೆಗಾರನಾಗಿ ಅವನು ಕಳುವು, ಬೆದರಿಕೆ, ಬೆಂಕಿ ಎಲ್ಲ ಕಂಡಿದ್ದ. ಜಾಹೀರಾತು ತಿಂದವನನ್ನು ಹುಡುಕುವ ಗ್ರಹಚಾರ 2008ರ ಆ ಬೇಸಿಗೆಯಲ್ಲೇ ಮೊದಲು.

"ನಮ್ಮ ಸುಭಾಸಗೂ ತಿಳಿಯೋಹಂಗ ಹೇಳ್ರಿ," ಎಂದರು ನಿಜಗುಣಪ್ಪ.

ವಿರೂಪಾಕ್ಷ ಹೇಳಿದ. ಇಂಟರ್‌ನೆಟ್ಟಿನಲ್ಲಿ ಅವನ ಲಾಡ್ಜಿನ ಜಾಹೀರಾತಿತ್ತು. ಬರೀ ನೋಡಿದರೆ ಪುಕ್ಕಟೆ. ಯಾರಾದರೂ ಅದನ್ನು ಒತ್ತಿದರೆ ಮಾತ್ರ ಜಾಹೀರಾತು ಕಂಪನಿ ಅವನ ಖಾತೆಯಿಂದ ದುಡ್ಡು ಮುರಿದುಕೊಳ್ಳುತ್ತಿತ್ತು. ಒತ್ತಿದ್ದು ಬೇರೆಯವರ ವೆಬ್‌ಸೈಟಿನಲ್ಲಾದರೆ ಅದರಲ್ಲೊಂದು ಪಾಲು ಆ ಸೈಟಿನವನಿಗೆ. ದಿನಕ್ಕಿಷ್ಟೇ ಖರ್ಚು ಎಂದು ವಿರೂಪಾಕ್ಷ ಮಿತಿ ಹಾಕಿದ್ದ. ಅದು ತೀರಿದೊಡನೆ ಜಾಹೀರಾತು ಮರುದಿನದವರೆಗೆ ಮಾಯ. ಈಗೀಗ ಬೆಳಗಾಗುತ್ತಲೇ ಮಾಯವಾಗುತ್ತಿತ್ತು. ಒತ್ತಿದವರಲ್ಲಿ ಒಬ್ಬನೂ ಕೋಣೆ ಕೇಳಿ ಬಂದಿರಲಿಲ್ಲ.

"ಒತ್ತಿದ್ದೆಲ್ಲಾ ಉಗರಗೋಳದ ಈ ಮಾಂತೇಶನ ಸೈಟಿನ್ಯಾಗ್ರಿ. ಮ್ಯಾಲ ಗುಡ್ಡದ ಎಲ್ಲಮ್ಮನ ಫೋಟೋ, ಕೆಳಗ ನನ್ನ ಜಾಹೀರಾತು. ಪಾಲಿನ ಆಸೆಗೆ ತಾನ ಒತ್ತತಾನ! ನಾಳಿ ಸಂಜೀಕ ಪೊಲೀಸರಿಗೆ ಕೊಡತೇನಿ."

ಬಾಗಿಲಲ್ಲಿ ನಿಂತಿದ್ದ ಮಾಂತೇಶ ಸಿಡಿದ. "ಇವ್ರು ಬಜಾರದಾಗ ನನ್ನ ಕಳ್ಳ ಅಂದಾಗಿಂದ ಯಾರೂ ಕೆಲಸಾ ಕೊಡವಲ್ರು. ಅನುಮಾನ ಐತಿ, ಖಾತೆ ಬಂದ್ ಮಾಡತೇವಿ ಅಂತ ಕಂಪನಿಯವ್ರೂ ಹೇಳ್ಯಾರ. ನನ್ನ ಹೊಟ್ಟಿ ಮ್ಯಾಲ ನಾನ ಒತ್ಕೋತೇನೇನ್ರಿ?"

"ಜಾಹೀರಾತು ರಾತ್ರಿತನಕ ಉಳದ ದಿನ ಯಾವುದರೆ ಐತೇನು?" ನಿಜಗುಣಪ್ಪ ಕೇಳಿದರು.

"ಒಂದ ದಿನಾ. ಕಟಕೋಳದಾಗ ನಮ್ಮ ತಮ್ಮನ ಮದುವಿ ಇತ್ತು. ಅವತ್ತ ಲಾಡ್ಜ್ ತುಂಬಿತ್ತಂತ. ನಾನ ಇರಲಿಲ್ಲ, ನನ್ನ ನಸೀಬ!" ಎಂದ ವಿರೂಪಾಕ್ಷ.

"ಅವತ್ತ ನೀ ಎಲ್ಲಿದ್ದಿ ಮಾಂತೇಶ?"

"ದಿನದಂಗ ಕಂಪ್ಯೂಟರ್ ಮುಂದ. ಮದುವಿಗೆ ನನ್ನ ಯಾರು ಕರೀತಾರ್ರಿ?"

ಒಳಗೆ ವಿರೂಪಾಕ್ಷನ ಹೆಂಡತಿ ಮೀನಾ ಫೋನಿನಲ್ಲಿದ್ದಳು. "ಇವತ್ತಿಂದಾತೇನ್ ಅತ್ತಿ? ನಿಮ್ಮ ಕೈಗುಣ ಭಾಳ ಚೊಲೊ..."

ನಿಜಗುಣಪ್ಪ ಬೆಣ್ಣೆ ಕಂಡ ಬೆಕ್ಕಿನಂತೆ ಕಣ್ಣು ಕಿರಿದು ಮಾಡಿದರು. ಸುಭಾಸನಿಗೆ ಮೈ ಉರಿಯಿತು. ಗೊತ್ತಾಗಿದ್ದನ್ನು ಆಗಲೇ ಹೇಳಿದರೆ ಈ ಮನುಷ್ಯನಿಗೆ ಅಜೀರ್ಣವಾಗುತ್ತದೋ ಏನೋ!

"ಮೀನಾಬಾಯಿ, ಆ ಅತ್ತಿಯವರನ್ನ ನಾಳಿ ಊಟಕ್ಕ ಕರೀರಿ," ಎಂದಷ್ಟೇ ಹೇಳಿದರು.

ಮರುದಿನ ರಾಮದುರ್ಗದಿಂದ ವಿರೂಪಾಕ್ಷನ ಸೋದರತ್ತೆ ಲಗಮವ್ವ ಬಂದಳು. ಊಟವಾದ ಮೇಲೆ ಎಲ್ಲರನ್ನೂ ಕೂಡಿಸಿ ನಿಜಗುಣಪ್ಪ ಶುರುಮಾಡಿದರು.

"ಮದುವಿ ದಿನಾ ಮಾಂತೇಶ ಕಂಪ್ಯೂಟರ್ ಮುಂದ ಇದ್ದ. ಆದ್ರೂ ಒತ್ತೋದು ನಿಂತಿತ್ತು. ಅಂದ್ರ ಒತ್ತೋರು ಬ್ಯಾರೆ, ಅವ್ರು ಅವತ್ತ ಕಟಕೋಳದ ಪಂಕ್ತಿಯೊಳಗ ಬುಂದೆ ತಿನ್ನಾಕ ಹತ್ತಿದ್ರು. ವಿರೂಪಾಕ್ಷಪ್ಪ, ನಿಮ್ಮ ಬಳಗ!"

"ಥೂ, ನಮ್ಮ ಮಂದೀನ?"

"ನಿನ್ನೆ ಮೀನಾಬಾಯಿ ಫೋನಿನ್ಯಾಗ 'ಕೈಗುಣ ಚೊಲೊ' ಅಂದಾಗ ನನಗ ಹೊಳೀತು. ಮುಂಜಾನೆನ ಯಾಕ? ಬೋಣಿ ಮುಂಜಾನೆನ ಆಗಬೇಕು. ಮಾಂತೇಶನ ಸೈಟ್ ಯಾಕ? ಅಲ್ಲಿ ದೇವಿ ಅದಾಳ. ಕೋಣಿ ಯಾಕ ಕೇಳಲಿಲ್ಲ? ಅಣ್ಣನ ಮಗನ ಲಾಡ್ಜಿಗೆ ಬರಾಕ ಅತ್ತಿ ಕೋಣಿ ಬುಕ್ ಮಾಡತಾಳೇನು?"

"ಮತ್ತ!" ಲಗಮವ್ವ ಸೆರಗು ಸರಿಪಡಿಸಿಕೊಂಡಳು. "ಜಳಕಾ ಮಾಡಿ, ಎಲ್ಲಮ್ಮಗ ಕೈ ಮುಗದು, ಮೊಮ್ಮಗನ ಕಂಪ್ಯೂಟರಿನ ಇಲಿ ಹಿಡದು ಒತ್ತತೇನಿ. ಕಿತ್ತೂರವ್ರು, ಬೈಲಹೊಂಗಲದವ್ರು, ಮನಿಮಂದಿ ಎಲ್ಲಾ ಹಂಗ. ಅಂಗಡಿ ತಗದ್ರ ಬಳಗದವ್ರು ಬೋಣಿ ಮಾಡೂದಿಲ್ಲೇನು?"

"ಒತ್ತಿದ್ರ ನನ್ನ ರೊಕ್ಕಾ ಹೋಗತೈತಿ ಅತ್ತಿ!"

"ಹೌದ? 'ನಮ್ಮ ಜಾಹೀರಾತಿಗೆ ಕೈ ಹಚ್ರಿ' ಅಂತ ಊರೂರಿಗೆ ಫೋನ್ ಹಚ್ಚಿದಾಂವ ಯಾರು?" ಲಗಮವ್ವ ಅವನದೇ ಗಡಸು ಗಂಟಲು ತೆಗೆದು ಅಣಕಿಸಿದಳು.

"ಮೊದಲ್ನೇ ದಿನಕ್ಕಷ್ಟ ಅಂದಿದ್ದೆ!"

"ಬೋಣಿ ಒಂದ ದಿನದ್ದೇನ್ರಿ? ನಾನ ದಿನಾ ನೆನಪ ಮಾಡಾಕ ಹತ್ತೇನಿ," ಎಂದಳು ಮೀನಾ, ಶಾಬಾಸ್‌ಗಿರಿಗೆ ಕಾಯುವವಳಂತೆ.

ವಿರೂಪಾಕ್ಷ ಹಣೆ ಹಿಡಿದುಕೊಂಡ. ಮಾಂತೇಶ ಎದ್ದು ನಿಂತ.

"ಕಂಪನಿಗೆ ಇದನ್ನೆಲ್ಲಾ ಬರದು ತಿಳಸ್ರಿ ಸಾವಕಾರ್ರ. ಆದ್ರ ಬಜಾರಕ್ಕ ಏನ್ ಹೇಳ್ತೀರಿ?"

ವಿರೂಪಾಕ್ಷ ಎದ್ದು ಹೊರಗೆ ನಡೆದ. ಹಿಂದೆ ಎಲ್ಲರೂ ಮೆಟ್ಟಿಲವರೆಗೆ ಬಂದರು. ಎದುರಿನ ಚಹಾದಂಗಡಿಯ ಮುಂದೆ ನಿಂತು, "ಕೇಳ್ರೆಪಾ, ಮಾಂತೇಶ ಕಳ್ಳ ಅಲ್ಲ!" ಎಂದು ಕೂಗಿದ.

"ಹಂಗಾರ ಯಾರ್ರೀ ಸಾವಕಾರ್ರ?" ಬೆಂಚಿನಿಂದ ಯಾರೋ ಕೇಳಿದರು.

ವಿರೂಪಾಕ್ಷ ತಿರುಗಿ ನೋಡಿದ. ಲಾಡ್ಜಿನ ಮೆಟ್ಟಿಲ ಮೇಲೆ ಲಗಮವ್ವ ಸೆರಗಿನ ತುದಿ ಕಚ್ಚಿ ನಿಂತಿದ್ದಳು. ಪಕ್ಕದಲ್ಲಿ ತಲೆ ತಗ್ಗಿಸಿದ ಮೀನಾ.

"ನಾನ್ರಿ!" ಎಂದ.