ಮಂಗಳವಾರ, ಹನ್ನೊಂದು ನಲವತ್ತು

ದಾನೇಶ್ವರಿಗೆ ಹೊಸ ಲ್ಯಾಪ್‌ಟಾಪ್ ಬಂತು. ಅವಳ ಹಳೆಯದು ಸಂಗನಬಸವನ ಪಾಲಿಗೆ ಬಂತು. ಬೀಜದ ಕಂಪನಿಯ ಸಿಂಧನೂರು ಆಫೀಸಿನಲ್ಲಿ ಹನ್ನೆರಡು ವರ್ಷ ಸವೆದವನಿಗೆ, ಐದು ವರ್ಷದ ಹಿಂದೆ ಮಸ್ಕಿಯಿಂದ ಬಂದು ಸೇರಿದವಳ ಎಂಜಲು. ಅವಳಿಗೆ ಕೆಲಸ ಕಲಿಸಿದವನು ಅವನೇ. ಈಗ ಮ್ಯಾನೇಜರ್ ಕುರ್ಚಿ ಅವಳದು. ಮಾಲೀಕರಾದ ದೊಡ್ಡಬಸಪ್ಪ ಸಾಹುಕಾರರು ಆ ಸುದ್ದಿಯನ್ನು ಚಹಾ ಕುಡಿಯುತ್ತ ಹೇಳಿ ಮುಗಿಸಿದ್ದರು.

"ಆಕಿ ರೈತರ ಕೂಡ ಚೊಲೊ ಮಾತಾಡ್ತಾಳ. ನಿನ್ನ ಕೈ ಕಂಪ್ಯೂಟರಿನ್ಯಾಗ ಚೊಲೊ ಐತಿ. ನೀ ಅಲ್ಲೇ ಇರು."

ಅಲ್ಲೇ ಇರು. ಮುಕ್ಕುಂದದಿಂದ ದಿನಾ ಬಸ್ಸಿಗೆ ಬರುವಾಗ ಕಾಲುವೆಯ ನೀರು ನೋಡುತ್ತ ಅವನು ಆ ಮಾತನ್ನು ಮತ್ತೆ ಮತ್ತೆ ಕೇಳಿಸಿಕೊಂಡ. ನಲವತ್ತೆರಡು ವಯಸ್ಸಾಗಿತ್ತು. ಇನ್ನೆಲ್ಲಿಗೂ ಹೋಗುವ ಹಾಗಿರಲಿಲ್ಲ, ಇಲ್ಲಿ ಮೇಲೇರುವ ಹಾಗೂ ಇರಲಿಲ್ಲ.

ಹಳೆಯ ಲ್ಯಾಪ್‌ಟಾಪಿನ ಒಂದು ಮೂಲೆ ಒಡೆದಿತ್ತು. ವಿಂಡೋಸ್ ತೆರೆದುಕೊಳ್ಳುವಷ್ಟರಲ್ಲಿ ಒಂದು ಚಹಾ ಕುಡಿದು ಬರಬಹುದಿತ್ತು. ಬಸ್ ಸ್ಟ್ಯಾಂಡ್ ಹತ್ತಿರ ರಿಪೇರಿ ಅಂಗಡಿ ಇಟ್ಟಿದ್ದ ಮುಕ್ತಿಯಾರ್ ಅದನ್ನು ತಿರುವಿ ನೋಡಿ, ವಿಂಡೋಸ್ ತೆಗೆದು ಪುಕ್ಕಟೆ ಸಿಗುವ ಲಿನಕ್ಸ್ ಹಾಕಿಕೋ, ಇನ್ನೂ ಐದು ವರ್ಷ ಓಡುತ್ತದೆ ಎಂದ. ಒಂದು ಭಾನುವಾರ ಕೂತು ಸಂಗನಬಸವ ಹಾಕಿಯೇಬಿಟ್ಟ. ಡಿಸ್ಕಿನಲ್ಲಿ ಇದ್ದದ್ದನ್ನೆಲ್ಲ ಅಳಿಸಲೇ ಎಂದು ಅದು ಕೇಳಿದಾಗ, ಬಹಳ ದಿನಗಳ ಮೇಲೆ ಅವನಿಗೆ ಏನೋ ಒಂದು ಸಮಾಧಾನವಾಯಿತು. ಹೂಂ ಎಂದು ಒತ್ತಿದ. ಅವಳ ಫೋಟೊ, ಅವಳ ಪತ್ರ, ಐದು ವರ್ಷದ ಅವಳ ಗುರುತೆಲ್ಲ ಹತ್ತು ನಿಮಿಷದಲ್ಲಿ ಹೋದವು.

ಆಮೇಲೆ ಅದರ ರುಚಿ ಹತ್ತಿತು. ಕಪ್ಪು ಪರದೆಯ ಮೇಲೆ ಸಾಲು ಸಾಲು ಆಜ್ಞೆ ಬರೆಯುವುದನ್ನು ಕಲಿತ. ಲಿನಕ್ಸನ್ನು ಲ್ಯಾಪ್‌ಟಾಪಿಗೆ ಹಾಕಲೇಬೇಕೆಂದಿಲ್ಲ, ಪೆನ್‌ಡ್ರೈವ್‌ನಿಂದಲೇ ನೇರ ಓಡಿಸಬಹುದು ಎಂಬುದೂ ಗೊತ್ತಾಯಿತು. ಯಾರದೇ ಲ್ಯಾಪ್‌ಟಾಪಿರಲಿ, ಪೆನ್‌ಡ್ರೈವ್ ಚುಚ್ಚಿ ಚಾಲೂ ಮಾಡಿದರೆ ವಿಂಡೋಸಿನ ಪಾಸ್‌ವರ್ಡ್ ಬಾಗಿಲಿಗೆ ಹೋಗುವ ಪ್ರಮೇಯವೇ ಇಲ್ಲ. ಒಳಗಿನ ಕಡತಗಳೆಲ್ಲ ಅಂಗೈಗೆ ಬರುತ್ತವೆ. ಕೆಲಸ ಮುಗಿಸಿ ಕಿತ್ತುಕೊಂಡರೆ, ಬಂದದ್ದಕ್ಕೂ ಹೋದದ್ದಕ್ಕೂ ಸುಳಿವಿಲ್ಲ.

ವಿಚಾರ ಹುಟ್ಟಿದ್ದು ಅಲ್ಲಿ.

ಕಂಪನಿಯ ಜೀವವಿದ್ದದ್ದು ಒಂದು ಪಟ್ಟಿಯಲ್ಲಿ. ಯಾವ ಹತ್ತಿಯ ಗಂಡಿಗೆ ಯಾವ ಹೆಣ್ಣು ಕೂಡಿಸಿದರೆ ಯಾವ ತಳಿ ಎಂಬ ಪಟ್ಟಿ. ಅದು ಸಾಹುಕಾರರ ಹತ್ತಿರ, ದಾನೇಶ್ವರಿಯ ಹತ್ತಿರ, ಅವನ ಹತ್ತಿರ ಮಾತ್ರ ಇತ್ತು. ಸಾಹುಕಾರರು ಏನು ಬೇಕಾದರೂ ಮಾಫ್ ಮಾಡುವವರು, ಅದೊಂದನ್ನು ಬಿಟ್ಟು. ಹಿಂದಿನ ವರ್ಷ ಗುರುಗುಂಟಾದ ಮೇಲ್ವಿಚಾರಕ ಅಂಬಪ್ಪನ ಜೇಬಿನಲ್ಲಿ ಒಂದು ಹಿಡಿ ಮೂಲ ಬೀಜ ಸಿಕ್ಕಿತ್ತು. ಅವನನ್ನು ಒಂದು ಮಾತೂ ಕೇಳದೆ ಅಂದೇ ಮನೆಗೆ ಕಳಿಸಿದ್ದರು.

ದಾನೇಶ್ವರಿಯ ಲ್ಯಾಪ್‌ಟಾಪಿನಲ್ಲಿ ಒಂದು ಪತ್ರ ಸಿಗಬೇಕು. ಬೇರೊಂದು ಕಂಪನಿಗೆ, ಪಟ್ಟಿ ಕೊಡುತ್ತೇನೆ, ಕೆಲಸ ಕೊಡಿ ಎಂದು ಅವಳೇ ಬರೆದಂಥ ಪತ್ರ. ಅದರ ಜೊತೆಗೆ ಪಟ್ಟಿ. ಅದನ್ನು ಬರೆದ ಹೊತ್ತಿನಲ್ಲಿ ಅವಳೊಬ್ಬಳೇ ಆಫೀಸಿನಲ್ಲಿರಬೇಕು, ಅವನು ದೂರದಲ್ಲಿ ನಾಲ್ಕು ಜನರ ಕಣ್ಣ ಮುಂದಿರಬೇಕು.

ಮಂಗಳವಾರ ಲಿಂಗಸುಗೂರಿನಲ್ಲಿ ರೈತರ ಸಭೆ ಇತ್ತು. ಎಂದೂ ಹೋಗದವನು ತಾನೇ ಹೋಗುತ್ತೇನೆಂದ. ಇಪ್ಪತ್ತು ರೈತರ ನಡುವೆ ನಿಂತು ಫೋಟೊ ತೆಗೆಸಿಕೊಂಡು ಕಂಪನಿಯ ವಾಟ್ಸ್ಯಾಪ್ ಗುಂಪಿಗೆ ಹಾಕಿದ. ಸರಿಯಾಗಿ ಹನ್ನೊಂದು ನಲವತ್ತಕ್ಕೆ ಆಫೀಸಿನ ಫೋನಿಗೆ ಕರೆ ಮಾಡಿದ. ದಾನೇಶ್ವರಿಯೇ ಎತ್ತಿದಳು. ಒಬ್ಬಳೇ ಇದ್ದೇನೆ, ಲ್ಯಾಪ್‌ಟಾಪಿನ ಮುಂದೆ ಕೂತಿದ್ದೇನೆ ಎಂದಳು. ಬಿಸಿಲು ಬಹಳ ಇದೆ, ಉಂಡು ಬನ್ನಿ ಅಣ್ಣ ಎಂದೂ ಹೇಳಿದಳು.

ಬುಧವಾರ ತನ್ನ ಲ್ಯಾಪ್‌ಟಾಪಿನ ಮೇಲೆ ಮೂರು ಸಲ ಅಭ್ಯಾಸ ಮಾಡಿದ. ಗಡಿಯಾರವನ್ನೇ ಮಂಗಳವಾರ ಹನ್ನೊಂದು ನಲವತ್ತಕ್ಕೆ ಹಿಂದೆ ತಿರುಗಿಸುವುದು, ಆಮೇಲೆ ಪತ್ರ ಉಳಿಸುವುದು. ಮೂರು ಸಲವೂ ಕಡತದ ಮೇಲೆ ಆ ವೇಳೆಯೇ ಬಿತ್ತು. ಅವಳ ಹೊಸ ಲ್ಯಾಪ್‌ಟಾಪನ್ನು ಸಜ್ಜು ಮಾಡಿಕೊಟ್ಟವನು ಅವನೇ ಆದ್ದರಿಂದ ಡಿಸ್ಕಿಗೆ ಬೀಗವಿಲ್ಲವೆಂಬುದು ಗೊತ್ತಿತ್ತು. ಪಾಸ್‌ವರ್ಡ್ ಮಾತ್ರ ಅವಳದು. ಅದು ಅವನಿಗೆ ಬೇಕಾಗಿಯೂ ಇರಲಿಲ್ಲ.

ಗುರುವಾರ ಮಧ್ಯಾಹ್ನ ಅವಳು ಹಿಂದಿನ ಕೋಣೆಗೆ ಊಟಕ್ಕೆ ಹೋದಳು. ಹೋಗುವಾಗ ಅವನ ಟೇಬಲ್ಲಿನ ಮೇಲೆ ಒಂದು ಡಬ್ಬಿ ಇಟ್ಟಳು. ಅವಳ ತಾಯಿ ಮಾಡಿದ ಶೇಂಗಾ ಹೋಳಿಗೆ. ಅವನು ಎದ್ದು ಅವಳ ಕ್ಯಾಬಿನ್ನಿಗೆ ಹೋಗಿ ಲ್ಯಾಪ್‌ಟಾಪಿಗೆ ಪೆನ್‌ಡ್ರೈವ್ ಚುಚ್ಚಿ ಚಾಲೂ ಮಾಡಿದ. ಲಿನಕ್ಸ್ ತೆರೆದುಕೊಂಡಿತು. ಪತ್ರ ಬರೆದು ಜೊತೆಗೆ ಪಟ್ಟಿ ಸೇರಿಸಿದ, ಗಡಿಯಾರ ತಿರುಗಿಸಿದ, ಉಳಿಸಿದ, ವೇಳೆ ನೋಡಿಕೊಂಡ. ಹನ್ನೊಂದು ನಲವತ್ತು. ಬಂದ್ ಮಾಡಿ ಪೆನ್‌ಡ್ರೈವ್ ಕಿಸೆಗಿಟ್ಟುಕೊಂಡ. ಒಟ್ಟು ಹದಿನಾಲ್ಕು ನಿಮಿಷ. ತನ್ನ ಜಾಗಕ್ಕೆ ಬಂದು ಹೋಳಿಗೆ ತಿಂದ. ಚೆನ್ನಾಗಿತ್ತು.

ಶುಕ್ರವಾರ ಲಿಂಗಸುಗೂರಿಗೆ ಹೋಗಿ, ಹೆಸರಿಲ್ಲದ ಒಂದು ಕಾಗದವನ್ನು ಸಾಹುಕಾರರಿಗೆ ಅಂಚೆಗೆ ಹಾಕಿದ. ನಿಮ್ಮ ಮ್ಯಾನೇಜರರ ಲ್ಯಾಪ್‌ಟಾಪ್ ನೋಡಿಸಿರಿ, ಇಷ್ಟೇ.

ಸೋಮವಾರ ಹನ್ನೊಂದಕ್ಕೆ ಸಾಹುಕಾರರು ಮುಕ್ತಿಯಾರ್‌ನನ್ನು ಕರೆದುಕೊಂಡೇ ಬಂದರು. ದಾನೇಶ್ವರಿ, ಸಂಗನಬಸವ ಇಬ್ಬರನ್ನೂ ಕ್ಯಾಬಿನ್ನಿಗೆ ಕರೆಸಿದರು. ದಾನೇಶ್ವರಿ ಏನೆಂದು ತಿಳಿಯದೆ ಪಾಸ್‌ವರ್ಡ್ ಹಾಕಿಕೊಟ್ಟಳು. ಮುಕ್ತಿಯಾರ್ ಹುಡುಕಿದ, ಸಿಕ್ಕಿತು, ಪತ್ರವನ್ನು ತಗ್ಗಿದ ದನಿಯಲ್ಲಿ ಓದಿದ. ದಾನೇಶ್ವರಿಯ ಮುಖ ಬಿಳಿಚಿಕೊಂಡಿತು. ಅಳಲಿಲ್ಲ, ಗೋಡೆಗೆ ಕೈ ಊರಿ ನಿಂತಳು. ಸಂಗನಬಸವ ನೆಲ ನೋಡಿದ. ಎಲ್ಲ ಅಂದುಕೊಂಡ ಹಾಗೆಯೇ ನಡೆದಿತ್ತು. ಆದರೂ ಖುಷಿ ಬರಲಿಲ್ಲ.

"ಯಾವಾಗ ಬರದದ್ದಿದು?" ಸಾಹುಕಾರರು ಕೇಳಿದರು.

"ಹೋದ ಮಂಗಳವಾರ ರೀ. ಸಂಜಿ ಐದು ಹತ್ತಕ್ಕ."

ಸಂಗನಬಸವ ತಲೆಯೆತ್ತಿದ. ಮುಕ್ತಿಯಾರ್ ತಪ್ಪು ಓದಿದ್ದಾನೆ ಎಂದುಕೊಂಡು ಪರದೆಯ ಕಡೆ ಬಗ್ಗಿ ನೋಡಿದ. ತಪ್ಪು ಓದಿರಲಿಲ್ಲ.

ಸಾಹುಕಾರರು ಪರದೆಯ ಮೇಲೆ ಬೆರಳಿಟ್ಟು ಆ ವೇಳೆಯನ್ನು ತಾವೇ ಓದಿದರು. ಆಮೇಲೆ ನಿಧಾನಕ್ಕೆ ಹೇಳಿದರು. "ಮಂಗಳವಾರ ನಾಕು ಗಂಟೆಕ್ಕ ನಾನೇ ಬಂದು ಈಕಿನ್ನ ಮಸ್ಕಿ ಹೊಲಕ್ಕ ಕರಕೊಂಡು ಹೋಗೀನಿ. ಐದು ಹತ್ತಕ್ಕ ನನ್ನ ಬಾಜೂಕ ಹತ್ತಿ ಸಾಲಿನ್ಯಾಗ ನಿಂತಿದ್ಲು. ಲ್ಯಾಪ್‌ಟಾಪ್ ಇಲ್ಲೇ ಟೇಬಲ್ ಮ್ಯಾಲಿತ್ತು."

ದಾನೇಶ್ವರಿ ಸಂಗನಬಸವನ ಕಡೆ ತಿರುಗಿದಳು. ಅವಳ ಕಣ್ಣಲ್ಲಿ ಸಂಶಯ ಇರಲಿಲ್ಲ, ಆಸರೆ ಸಿಕ್ಕ ಹಾಗೆ ಕೇಳಿದಳು.

"ಅಣ್ಣಾ, ನೀವು ಲಿಂಗಸುಗೂರಿಂದ ನಾಕೂವರಿಗೆ ವಾಪಸ್ ಬಂದು, ಆಫೀಸಿನ್ಯಾಗ ಒಬ್ನೇ ಅದೀನಿ ಅಂತ ನನಗ ಫೋನ್ ಮಾಡಿದ್ರೆಲ್ಲ. ಆ ಹೊತ್ತಿನ್ಯಾಗ ಇಲ್ಲಿಗೆ ಯಾರ್ ಬಂದಿದ್ರು, ಹೇಳ್ರಿ."

ಸಾಹುಕಾರರೂ ಮುಕ್ತಿಯಾರನೂ ಅವನತ್ತಲೇ ನೋಡುತ್ತಿದ್ದರು. ಯಾರೂ ಬಂದಿರಲಿಲ್ಲ. ಬಾಗಿಲಿನ ಹಾಜರಿ ಮಷೀನಿನಲ್ಲಿ ಅಂದು ಸಂಜೆ ಇದ್ದದ್ದು ಅವನೊಬ್ಬನ ಹೆಬ್ಬೆರಳ ಗುರುತು. ತನ್ನ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿಕೊಳ್ಳುವಾಗ ಯಾವ ದೇಶದ ವೇಳೆ ಬೇಕೆಂದು ಅದು ಕೇಳಿತ್ತು, ಅವನು ಭಾರತ ಎಂದು ಒತ್ತಿದ್ದ, ಅದಕ್ಕೇ ಅಭ್ಯಾಸ ಮಾಡಿದಾಗಲೆಲ್ಲ ವೇಳೆ ಸರಿಯಾಗಿಯೇ ಬಿದ್ದಿತ್ತು. ಪೆನ್‌ಡ್ರೈವ್‌ನಿಂದ ಸುಮ್ಮನೆ ಓಡಿಸುವಾಗ ಅದು ಯಾರನ್ನೂ ಏನೂ ಕೇಳುವುದಿಲ್ಲ, ಗ್ರೀನಿಚ್ಚಿನ ವೇಳೆಯನ್ನೇ ಹಿಡಿದುಕೊಂಡಿರುತ್ತದೆ. ಅವನು ಗುರುವಾರ ಬರೆದದ್ದು ಗ್ರೀನಿಚ್ಚಿನ ಹನ್ನೊಂದು ನಲವತ್ತು, ಸಿಂಧನೂರಿನ ಗಡಿಯಾರದಲ್ಲಿ ಅದು ಐದೂವರೆ ತಾಸು ಮುಂದೆ, ಸಂಜೆ ಐದು ಹತ್ತು.