ಬಿಳಿ ಕೋಟಿನ ಜೇಬು

ಹದಿನೇಳು ವರ್ಷದ ಆ ಹುಡುಗಿಗೆ ಸ್ವಂತ ಫೋನ್ ಇರಲಿಲ್ಲ. ಹಾಗಾಗಿ ಅವಳ ಪ್ರೀತಿ ಕೋಟಿನ ಜೇಬಿನಲ್ಲಿ ಓಡಾಡುತ್ತಿತ್ತು.

ಅಮ್ಮನದು ಲಾಂಡ್ರಿ. ಒಗೆಯುವ ಮೊದಲು ಜೇಬು ನೋಡುವುದು ಮಗಳ ಕೆಲಸ. ಸಿಕ್ಕಿದ ಕಾಗದವನ್ನು ಓದದೆ ಲಕೋಟೆಗೆ ಹಾಕಿ, ಗಿರಾಕಿಯ ನಂಬರ್ ಬರೆದಿಡಬೇಕು. ಇಪ್ಪತ್ತು ವರ್ಷದಿಂದ ಅಮ್ಮ ಮುರಿಯದ ನಿಯಮ ಅದು. ನರ್ಸಿಂಗ್ ಮೊದಲ ವರ್ಷದ ಹುಡುಗನೊಬ್ಬ ಪ್ರತಿ ಶನಿವಾರ ಬಿಳಿ ಕೋಟು ತರುತ್ತಿದ್ದ. ಅದರ ಜೇಬಿನಲ್ಲಿ ಅವನ ಚೀಟಿ ಬರುತ್ತಿತ್ತು. ಇಸ್ತ್ರಿಯಾದ ಮೇಲೆ ಅದೇ ಜೇಬಿನಲ್ಲಿ ಅವಳ ಉತ್ತರ ಹೋಗುತ್ತಿತ್ತು.

ಆ ಶನಿವಾರ ಟ್ಯೂಷನ್ ತಡವಾಯಿತು. ಅವಳು ಅಂಗಡಿಗೆ ಬಂದಾಗ ಅಮ್ಮನ ಕೈ ಬಿಳಿ ಕೋಟಿನ ಜೇಬಿನಲ್ಲಿತ್ತು.

ಸಿಕ್ಕಿಬಿಟ್ಟಿತಾ...?

"ಏನೇ, ದೆವ್ವ ಕಂಡೋಳ ಹಾಗೆ ನಿಂತಿದ್ದೀಯ?"

"ಏನಿಲ್ಲ... ಜೇಬು ನಾನು ನೋಡ್ತೀನಿ ಬಿಡು."

"ನೋಡಾಯ್ತು. ಖಾಲಿ."

ಸುಳ್ಳು. ಚೀಟಿ ಅಮ್ಮನ ಏಪ್ರನ್ನಿನಲ್ಲಿತ್ತು. ಮೇಲೆ ಮಗಳ ಹೆಸರಿತ್ತು. ಓದಿಯೂ ಆಗಿತ್ತು.

ಬುಧವಾರ ಮಗಳು ಕಾಲೇಜಿನಲ್ಲಿದ್ದಾಗ ಅಮ್ಮನೇ ಅವನಿಗೆ ಖಾಲಿ ಜೇಬಿನ ಕೋಟು ಕೊಟ್ಟು ಕಳಿಸಿದಳು. ಆಮೇಲೆ ಅವನು ಬರಲಿಲ್ಲ.

"ಆ ಬಿಳಿಕೋಟು ಬೇರೆ ಲಾಂಡ್ರಿ ಹಿಡಿದ ಹಾಗಿದೆ," ಎಂದು ಅಮ್ಮ ಬೆಡ್‌ಶೀಟ್ ಮಡಚುತ್ತ ಮಗಳ ಮುಖ ನೋಡಿದಳು.

ಮಗಳು ತಲೆ ಬಗ್ಗಿಸಿ ಲಕೋಟೆಗಳ ಮೇಲೆ ನಂಬರ್ ಬರೆಯತೊಡಗಿದಳು. ನಾನು ಬೇಡವಾದೆನಾ? ಒಂದು ಸಾಲು ಬರೆದು ಹೇಳೋಕೂ ಧೈರ್ಯ ಇಲ್ಲವಾ ಅವನಿಗೆ?

ರಸಾಯನಶಾಸ್ತ್ರದ ಪರೀಕ್ಷೆಯಲ್ಲಿ ಖಾಲಿ ಹಾಳೆ ಕೊಟ್ಟು ಬಂದಳು. ಅಮ್ಮನಿಗೆ ಗೊತ್ತಾಯಿತು. ಆದರೂ ಚೀಟಿ ಏಪ್ರನ್ನಿನಲ್ಲೇ ಉಳಿಯಿತು.

ಮೂರನೇ ಶನಿವಾರ ಹಳೆಯ ಗಿರಾಕಿ, ನಿವೃತ್ತ ಮೇಷ್ಟ್ರು, ಓಡೋಡಿ ಬಂದರು. "ಪ್ಯಾಂಟಲ್ಲೊಂದು ಕಾಗದ ಇತ್ತಲ್ಲಮ್ಮ? ಓದಿಬಿಟ್ರಾ?"

ಅಮ್ಮ ಲಕೋಟೆ ಕೊಟ್ಟಳು. "ಗಿರಾಕಿ ಕಾಗದ ನಾವು ಓದಲ್ಲ ಸಾರ್..."

ಮಾತು ಅಲ್ಲೇ ನಿಂತಿತು. ಮೇಷ್ಟ್ರು ಹೋದ ಮೇಲೆ ಅಮ್ಮ ಏಪ್ರನ್ನಿನಿಂದ ಚೀಟಿ ತೆಗೆದು ಮಗಳ ಮುಂದಿಟ್ಟಳು.

"ನಿಂದು. ಮೂರು ವಾರದ ಹಿಂದಿಂದು. ಓದಿದ್ದೀನಿ."

'ಕದ್ದು ಬರೆಯೋದು ಸಾಕು. ನೀನು ಹೂಂ ಅಂದರೆ ನಿಮ್ಮಮ್ಮನ ಹತ್ತಿರ ನಾನೇ ಮಾತಾಡ್ತೀನಿ. ಉತ್ತರ ಬರದಿದ್ದರೆ ಬೇಡ ಅಂತ ತಿಳ್ಕೊಂಡು ದೂರ ಇರ್ತೀನಿ.'

ಅವಳು ಎರಡು ಸಲ ಓದಿದಳು.

"ನಿನ್ನ ಹತ್ರಾನೇ ಮಾತಾಡ್ತೀನಿ ಅಂದಿದ್ದಾನೆ. ಇದನ್ನ ಬಚ್ಚಿಟ್ಯಾ?"

"ಪೋಲಿ ಆಗಿದ್ರೆ ಬೈದು ಓಡಿಸ್ತಿದ್ದೆ. ಒಳ್ಳೆಯವನು ಅಂತ ಗೊತ್ತಾಯ್ತು, ಅದಕ್ಕೇ ಹೆದರಿಕೆ ಆಯ್ತು. ನಿನ್ನ ವಯಸ್ಸಲ್ಲಿ ನಿಮ್ಮಪ್ಪನಿಗೋಸ್ಕರ ಓದು ಬಿಟ್ಟೋಳು ನಾನು. ನೀನೂ ಹಾಗೇ ಮಾಡಿದ್ರೆ...?"

"ನನ್ನ ಕೇಳಬಹುದಿತ್ತು."

"ಹೂಂ. ಕೇಳಬಹುದಿತ್ತು."

ಅಮ್ಮ ಬಿಲ್ ಪುಸ್ತಕದಲ್ಲಿ ಅವನ ನಂಬರ್ ಹುಡುಕಿ, ಫೋನ್ ಮಾಡಿ, ಮಗಳ ಕೈಗೆ ಕೊಟ್ಟಳು.

ಸಂಜೆ ಅವನು ಬಂದ. ಕೋಟಿನ ಮೇಲೆಲ್ಲ ಬಟ್ಟೆಗೆ ಹಾಕುವ ನೀಲಿಯ ಕಲೆ.

"ಇದೇನು, ಕೋಟಾ, ಭೂಪಟಾನಾ?"

"ನಾನೇ ಒಗೆದೆ ಆಂಟಿ."

"ಕಾಣ್ತಿದೆ. ಕೂತ್ಕೋ. ಇವಳ ಓದು ಮುಗಿಯೋ ತನಕ ಭೇಟಿ ಇಲ್ಲೇ, ನನ್ನೆದುರಿಗೆ. ನಾನಿನ್ನೂ ಒಪ್ಪಿಲ್ಲ, ನೆನಪಿರಲಿ."

"ಸರಿ ಆಂಟಿ."

ಅಮ್ಮ ಇಸ್ತ್ರಿ ಮೇಜಿನ ಕಡೆ ತಿರುಗಿ ನಿಂತಳು. ಅಷ್ಟು ರಿಯಾಯಿತಿ ಕೊಟ್ಟಳು.

"ಒಂದು ಉತ್ತರ ಬರಲಿಲ್ಲ ಅಂತ ಬಿಟ್ಟುಬಿಟ್ಯಾ?" ಹುಡುಗಿ ಮೆಲ್ಲಗೆ ಕೇಳಿದಳು.

"ಬಿಟ್ಟಿರಲಿಲ್ಲ. ಬೇಡ ಅಂದೋಳ ಹಿಂದೆ ಬೀಳಬಾರದು ಅಂತ ಸುಮ್ಮನಿದ್ದೆ."

"ಬೇಡ ಅಂದಿಲ್ಲ. ಬೇಕು... ಕೇಳಿಸ್ತಾ?"

"ಇನ್ನೊಂದು ಸಲ ಹೇಳು."

ಅವಳು ಹೇಳಿದಳು.

ಇಪ್ಪತ್ತೊಂದು ದಿನ ಹೋಗಿತ್ತು. ಒಂದು ಪರೀಕ್ಷೆ ಹೋಗಿತ್ತು. ಅಮ್ಮ ಹೇಳಿದ್ದನ್ನೆಲ್ಲ ಮರುಮಾತಿಲ್ಲದೆ ನಂಬುವ ಅಭ್ಯಾಸ ಹೋಗಿತ್ತು.