ಬಯಕೆಯ ಪೆಟ್ಟಿಗೆ

ಗಂಗನಾಳದ ಆರೋಗ್ಯ ಕೇಂದ್ರದ ಪಡಸಾಲೆಯಲ್ಲಿದ್ದ ಪೆಟ್ಟಿಗೆ ಸ್ವಲ್ಪ ಹೊತ್ತು ಗುಂಯ್‌ಗುಟ್ಟಿ ಸುಮ್ಮನಾಯಿತು. ಬೆಂಚಿನ ಮೇಲೆ ಕುಳಿತಿದ್ದ ಏಳು ತಿಂಗಳ ಬಸುರಿ ಬಾಯಿಂದ ನಾಲಿಗೆಪಟ್ಟಿಯನ್ನು ತೆಗೆದು ಸೆರಗಿನಿಂದ ತುಟಿ ಒರೆಸಿಕೊಂಡಳು. ಪೆಟ್ಟಿಗೆಯ ಕೆಳಗಿನ ಕಿಂಡಿಯಿಂದ ಕಂದುಬಣ್ಣದ ಬಿಲ್ಲೆಯೊಂದು ತಟ್ಟೆಗೆ ಬಿತ್ತು. ಅದನ್ನು ಕಚ್ಚಿದವಳೇ ಕಣ್ಣು ಮುಚ್ಚಿದಳು.

“ಕುರಿ ಕಾಲಿನ ಸಾರು,” ಎಂದಳು. “ನಮ್ಮವ್ವ ಮಾಡತಿದ್ದಳಲ್ಲ, ಥೇಟ್ ಅದ.”

ಪಕ್ಕದಲ್ಲಿ ನಿಂತಿದ್ದ ದಾದಿ ಫಕೀರವ್ವ ನಕ್ಕಳು. ಗೊರಸುಜ್ವರ ಎಂಬ ಹೊಸ ರೋಗ ಬಂದು ದನ, ಎಮ್ಮೆ, ಆಡು, ಕುರಿಗಳೆಲ್ಲ ಎರಡೇ ಬೇಸಿಗೆಯಲ್ಲಿ ಸತ್ತುಹೋಗಿ ಹದಿನಾಲ್ಕು ವರ್ಷವಾಗಿತ್ತು. ಅದೇ ಭಯಕ್ಕೆ ಕೋಳಿಗಳನ್ನೂ ಹೂಳಿಸಿ, ಮೀನು ಹಿಡಿಯುವುದನ್ನೂ ನಿಲ್ಲಿಸಿದ್ದರು. ಅಂದಿನಿಂದ ಮನುಷ್ಯ ಬಾಯಿಗಿಡುವುದೆಲ್ಲ ಗಿಡದಿಂದಲೇ ಬರಬೇಕಾಯಿತು. ಚಹಾಕ್ಕೆ ಅಲಸಂದೆಯ ಹಾಲು, ರೊಟ್ಟಿಗೆ ಶೇಂಗಾ ಬೆಣ್ಣೆ, ಹಬ್ಬಕ್ಕೆ ಅಣಬೆಯ ಖಂಡ. ಹೊಟ್ಟೆ ತುಂಬುತ್ತಿತ್ತು, ನಾಲಿಗೆ ಮಾತ್ರ ಹಳೆಯದನ್ನು ನೆನೆಸಿಕೊಂಡು ಗೋಳಾಡುತ್ತಿತ್ತು. ಬಸುರಿಯರ ಪಾಡಂತೂ ಕೇಳುವುದೇ ಬೇಡ. ಮೊಸರು ಬೇಕೆಂದು ಅಳುವವರು, ಸುಟ್ಟ ಮೀನಿನ ವಾಸನೆ ಬೇಕೆಂದು ಅನ್ನ ಬಿಡುವವರು ಮನೆಮನೆಗೂ ಇದ್ದರು.

ಅಂಥವರಿಗಾಗಿಯೇ ಈ ಪಡಿರುಚಿ ಯಂತ್ರ ಬಂದಿತ್ತು. ಊರವರು ಅದನ್ನು ಬಯಕಿ ಪೆಟ್ಟಿಗಿ ಎನ್ನುತ್ತಿದ್ದರು. ನಾಲಿಗೆಪಟ್ಟಿಯು ಜೊಲ್ಲಿನಲ್ಲಿರುವ ಸತ್ವಗಳನ್ನೂ ನಾಲಿಗೆಯ ನರಗಳ ಮಿಡಿತವನ್ನೂ ಅಳೆದು, ಈ ಹೆಂಗಸಿಗೆ ಈಗ ಏನು ಬೇಕೆನಿಸುತ್ತಿದೆ ಎಂಬುದನ್ನು ಲೆಕ್ಕ ಹಾಕುತ್ತಿತ್ತು. ಪೆಟ್ಟಿಗೆಯೊಳಗಿದ್ದ ಕಾಳು, ಗೆಡ್ಡೆ, ಪಾಚಿ, ಅಣಬೆಗಳ ಹುಡಿಯಿಂದ ಅದೇ ರುಚಿಯ ಬಿಲ್ಲೆ ತಯಾರಾಗುತ್ತಿತ್ತು. ತಿಂದ ಐದು ನಿಮಿಷಕ್ಕೆ ಯಂತ್ರದ ಮೇಲೆ ಹಸಿರು ದೀಪ ಹತ್ತಿತೆಂದರೆ ಬಯಕೆ ತೀರಿತೆಂದು ಅರ್ಥ.

ಯಂತ್ರವನ್ನು ರೂಪಿಸಿದ ವಿಜ್ಞಾನಿ ಡಾ. ಅನಂತಶಯನರು ಮೈಸೂರಿನ ಕಡೆಯವರು. ಅದನ್ನು ಕೂರಿಸಲು ಅವರೇ ಖುದ್ದಾಗಿ ಗಂಗನಾಳಕ್ಕೆ ಬಂದಿದ್ದರು. ಅವತ್ತು ಫಕೀರವ್ವ ಅವರನ್ನು ಸುಮ್ಮನೆ ಬಿಟ್ಟಿರಲಿಲ್ಲ.

“ರುಚಿ ತೋರಿಸಿದರ ಆಸಿ ಹೋಗತೈತೇನ್ರಿ ಸಾಹೇಬ್ರ? ಹುಣಸಿಕಾಯಿ ತಿಂದಾಕಿ ಮತ್ತ ಹುಣಸಿಕಾಯಿನ ಬೇಡತಾಳ.”

“ಸರಿಯಾಗಿ ಕೇಳಿದಿರಿ,” ಎಂದು ಅನಂತಶಯನರು ಕುರ್ಚಿ ಎಳೆದುಕೊಂಡು ಕುಳಿತರು. “ಬರೀ ರುಚಿ ಸಾಲದು. ನಮ್ಮ ಮೆದುಳಿನ ಬುಡದಲ್ಲಿ ಬೇಕು ಬೇಕು ಅನ್ನುವ ಒಂದು ಜಾಗ ಇದೆ. ಸಾಕು ಅಂತ ಅದಕ್ಕೆ ಯಾರಾದರೂ ಹೇಳಬೇಕು. ಒಂದು ಬಳ್ಳಿಯ ಬೇರಿನಲ್ಲಿ ನಮಗೆ ಅಂಥ ಸತ್ವ ಸಿಕ್ಕಿದೆ. ತಣಿವು ಸತ್ವ ಅಂತ ಹೆಸರಿಟ್ಟಿದ್ದೇವೆ. ಪ್ರತಿ ಬಿಲ್ಲೆಯಲ್ಲೂ ಸಾಸಿವೆಕಾಳಿನಷ್ಟು ಅದು ಇರುತ್ತದೆ.”

“ಮಣ್ಣು ತಿನ್ನೋರಿಗಿ?”

“ಅವರಿಗೂ ಇದೆ. ಬೀಟ್‌ರೂಟಿನಲ್ಲಿ ನೆನೆದ ಮಣ್ಣಿನ ವಾಸನೆ ಇರುತ್ತದೆ. ಬಾಯಿ ಒಗರಾಗುವುದಕ್ಕೆ ಕಗ್ಗಲಿ ಮರದ ತೊಗಟೆ ಸೇರಿಸುತ್ತೇವೆ. ಗೋಡೆ ಕೆರೆದು ತಿನ್ನುವ ಅವಸ್ಥೆ ಇನ್ನು ಯಾರಿಗೂ ಬರೋದಿಲ್ಲ. ಕಬ್ಬಿಣದ ಅಂಶವನ್ನೂ ಬಿಲ್ಲೆಯಲ್ಲೇ ಹಾಕಿದ್ದೇವೆ, ಆ ಗುಳಿಗೆಗಳೂ ಬೇಕಿಲ್ಲ.”

ಗುಳಿಗೆ ಬೇಡವೆಂದದ್ದು ಬಸುರಿಯರಿಗೆ ಬಹಳ ಹಿಡಿಸಿತು. ಹೊಟ್ಟೆ ಕಟ್ಟುವ ಆ ಗುಳಿಗೆಗಳನ್ನು ಅವರು ಮೊದಲೂ ಹಿತ್ತಲಿಗೇ ಎಸೆಯುತ್ತಿದ್ದರು. ಮೇಲಿನ ಕಚೇರಿಯಿಂದಲೂ ಆದೇಶ ಬಂತು: ಹಸಿರು ದೀಪ ಬಂದವರಿಗೆ ರಕ್ತ ಪರೀಕ್ಷೆಯ ಅಗತ್ಯವಿಲ್ಲ. ಬೇಕೆನಿಸದ ದೇಹದಲ್ಲಿ ಕೊರತೆ ಇರಲು ಹೇಗೆ ಸಾಧ್ಯ ಎಂಬುದು ದೊಡ್ಡವರ ತರ್ಕ. ಕಾಗದದ ಮೇಲೆ ಅದು ಚೆನ್ನಾಗಿಯೇ ಇತ್ತು.

ಫಕೀರವ್ವನ ತಾಯಿ ಸೂಲಗಿತ್ತಿಯಾಗಿದ್ದವಳು. ಯಾವ ಬಸುರಿಯ ಮನೆಗೆ ಹೋದರೂ ಆಕೆ ಕೇಳುತ್ತಿದ್ದ ಮೊದಲ ಮಾತು, ಏನು ಬೇಕನಸತೈತಿ ಎಂಬುದು. ಮಣ್ಣು, ಬೂದಿ, ಇದ್ದಿಲು ಎಂದವಳ ರಕ್ತ ತೆಳುವಾಗಿದೆ ಎಂದು ತಿಳಿದು ನುಗ್ಗೆಸೊಪ್ಪು, ಕಾಳಿಜವೆನ್ನುವ ಕುರಿಯ ಯಕೃತ್ತು ತಿನ್ನಿಸುತ್ತಿದ್ದಳು. ಫಕೀರವ್ವ ಸೂಜಿ, ಮಾಪಕ ಎಲ್ಲ ಕಲಿತು ದಾದಿಯಾದ ಮೇಲೂ ಅದೇ ಪ್ರಶ್ನೆಯಿಂದ ಶುರು ಮಾಡುತ್ತಿದ್ದಳು. ಇಪ್ಪತ್ತೆರಡು ವರ್ಷ ಆ ಪ್ರಶ್ನೆ ಅವಳಿಗೆ ಕೈಕೊಟ್ಟಿರಲಿಲ್ಲ.

ಈ ನಡುವೆ ಅವಳ ಒಬ್ಬಳೇ ಮಗಳು ಕಸ್ತೂರಿ ಚೊಚ್ಚಲ ಬಸುರಿಯಾಗಿ ತವರಿಗೆ ಬಂದಳು. ನಾಲ್ಕನೆಯ ತಿಂಗಳಿನಲ್ಲಿ ಒಂದು ಮುಂಜಾನೆ ಫಕೀರವ್ವ ಹಿತ್ತಲಿಗೆ ಹೋದಾಗ ಮಗಳು ಬಚ್ಚಲುಮನೆಯ ಮಣ್ಣಿನ ಗೋಡೆಗೆ ಮುಖವಿಟ್ಟು ನಿಂತಿದ್ದಳು. ಉಗುರಿನಲ್ಲಿ ಕೆಮ್ಮಣ್ಣು, ತುಟಿಯ ಮೇಲೆ ಕೆಮ್ಮಣ್ಣು. ಬೇಲಿಯ ಆಚೆಯಿಂದ ಪಕ್ಕದ ಮನೆಯ ಮುದುಕಿ ಬಗ್ಗಿ ನೋಡುತ್ತಿದ್ದಳು.

ಫಕೀರವ್ವನಿಗೆ ಮೈಯೆಲ್ಲ ಉರಿಯಿತು. ಊರಿನ ಬಸುರಿಯರಿಗೆಲ್ಲ ಬುದ್ಧಿ ಹೇಳುವ ದಾದಿಯ ಮಗಳೇ ಗೋಡೆ ನೆಕ್ಕುತ್ತಾಳೆ ಎಂದರೆ ಸಂಜೆಯೊಳಗೆ ಊರು ತುಂಬ ಸುದ್ದಿ. ಮಗಳ ಕೈ ಮೇಲೆ ಫಟ್ಟನೆ ಹೊಡೆದು ಒಳಗೆ ಎಳೆದುಕೊಂಡು ಹೋದಳು.

“ತಡಕೊಳ್ಳಾಕ ಆಗವಲ್ದವ್ವ,” ಎಂದು ಕಸ್ತೂರಿ ಅತ್ತಳು. “ಆ ವಾಸನಿ ಬಂದರ ಸಾಕು, ಕೈ ತಾನ ಹೋಗತೈತಿ.”

“ನಾ ಬಿಡಸ್ತೀನಿ ತಗೀ,” ಎಂದಳು ಫಕೀರವ್ವ.

ಕಬ್ಬಿಣ ಬಿಲ್ಲೆಯಲ್ಲೇ ಇದೆಯಲ್ಲ ಎಂಬ ಧೈರ್ಯಕ್ಕೆ ಅವತ್ತೇ ಕೇಂದ್ರದಿಂದ ಇನ್ನೊಂದು ಪೆಟ್ಟಿಗೆ ತಂದು ಮನೆಯಲ್ಲಿಟ್ಟಳು. ಮೂರೇ ದಿನಕ್ಕೆ ಕಸ್ತೂರಿ ಹಿತ್ತಲ ಕಡೆ ಹೋಗುವುದನ್ನು ಬಿಟ್ಟಳು. ಬೆಳಗ್ಗೆ ಒಂದು ಬಿಲ್ಲೆ, ಸಂಜೆ ಒಂದು ಬಿಲ್ಲೆ, ಎರಡು ಹೊತ್ತೂ ಹಸಿರು ದೀಪ. ಹಾಕಿದ್ದನ್ನು ಉಣ್ಣುತ್ತಿದ್ದಳು, ಹಾಕದಿದ್ದರೆ ಸುಮ್ಮನೆ ಕೂರುತ್ತಿದ್ದಳು. ಅತ್ತೆಯ ಮೇಲೆ ದೂರಿಲ್ಲ, ಗಂಡ ಬರಲಿಲ್ಲವೆಂಬ ಮುನಿಸಿಲ್ಲ. ಇಂಥ ಬಸುರಿಯನ್ನು ತಾವು ಕಂಡೇ ಇಲ್ಲ ಎಂದು ಓಣಿಯವರು ಹೊಗಳಿದರು. ಫಕೀರವ್ವನೂ ಹಿಗ್ಗಿದಳು.

ಏಳನೆಯ ತಿಂಗಳಿಗೆ ಕುಬುಸದ ಸೀಮಂತಶಾಸ್ತ್ರ ಮಾಡಿದರು. ಬೀಗರ ಕಡೆಯವರೂ ಓಣಿಯ ಹೆಂಗಸರೂ ಬಯಕೆಯ ಬುತ್ತಿ ಹೊತ್ತುಕೊಂಡು ಬಂದರು. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಗುರೆಳ್ಳು ಹಿಂಡಿ, ಕರ್ಚಿಕಾಯಿ, ಮಾದಲಿ. ಹಸಿರು ಸೀರೆಯುಟ್ಟ ಕಸ್ತೂರಿಯ ಮುಂದೆ ಎಲ್ಲವನ್ನೂ ಬಿಚ್ಚಿಟ್ಟು, ಯಾವುದಕ್ಕೆ ಮೊದಲು ಕೈ ಹಾಕುತ್ತಾಳೋ ನೋಡೋಣವೆಂದು ಸುತ್ತ ಕುಳಿತು ಚೇಷ್ಟೆ ಮಾಡಿದರು. ಕಸ್ತೂರಿ ಯಾವುದಕ್ಕೂ ಕೈ ಹಾಕಲಿಲ್ಲ. ಎಲ್ಲರ ಮುಖವನ್ನೂ ನೋಡಿ ಮೆಲ್ಲಗೆ ನಕ್ಕಳು.

“ನನಗೇನೂ ಬ್ಯಾಡನಸತೈತ್ರಿ. ನೀವ ಉಣ್ರಿ.”

ಹೆಂಗಸರು ಮುಖ ಮುಖ ನೋಡಿಕೊಂಡರು. ಅವತ್ತು ಸಂಜೆ ಫಕೀರವ್ವ ಮಗಳ ಕಣ್ಣಿನ ಕೆಳರೆಪ್ಪೆಯನ್ನು ಎಳೆದು ನೋಡಿದಳು. ಒಳಗೆ ಬಿಳಿಚಿಕೊಂಡಂತಿತ್ತು. ಪೆಟ್ಟಿಗೆಯ ಕಡೆ ತಿರುಗಿದರೆ ಹಸಿರು ದೀಪ ಉರಿಯುತ್ತಿತ್ತು. ತನಗೂ ಐವತ್ತು ದಾಟಿತು, ಚಾಳೀಸು ಕನ್ನಡಕ ಬದಲಿಸಬೇಕು ಅಂದುಕೊಂಡಳು. ಮುಂದೆ ಜೀವನಪೂರ್ತಿ ಅವಳನ್ನು ಕೊರೆದದ್ದು ಆ ಒಂದು ಗಳಿಗೆ. ರಕ್ತ ಪರೀಕ್ಷೆಯ ಸೂಜಿ ಕೇಂದ್ರದಲ್ಲೇ ಇತ್ತು, ಕೇಂದ್ರ ಮನೆಯಿಂದ ಎರಡು ಓಣಿ ಆಚೆಗಿತ್ತು.

ಹೆರಿಗೆ ಒಂದು ಮಂಗಳವಾರ ಮಧ್ಯಾಹ್ನ ಕೇಂದ್ರದಲ್ಲೇ ಆಯಿತು. ಹೆಣ್ಣು ಕೂಸು. ಹುಟ್ಟಿದ ಕೂಡಲೇ ಒಮ್ಮೆ ಚೀರಿತು, ಆಮೇಲೆ ಸುಮ್ಮನಾಯಿತು. ಕಸ್ತೂರಿಗೆ ರಕ್ತ ಹೋಯಿತಾದರೂ ಅದು ಚೊಚ್ಚಲು ಹೆತ್ತ ಯಾರಿಗೂ ಹೋಗುವಷ್ಟೇ. ಹೊರಗೆ ಕಂಡದ್ದು ಅಷ್ಟು, ಒಳಗೆ ಹೆಪ್ಪುಗಟ್ಟುತ್ತಿದ್ದದ್ದು ಕಾಣಲಿಲ್ಲ. ಒಳಗೆ ರಕ್ತ ಸೋರುವವರು ನೀರು ನೀರು ಎಂದು ಬಡಬಡಿಸುತ್ತಾರೆ. ಎಷ್ಟೋ ಜನರನ್ನು ಆ ಗುರುತಿನಿಂದಲೇ ಹಿಡಿದು ಉಳಿಸಿದ ಕೈ ಫಕೀರವ್ವನದು. ಅವಳು ಮಗಳ ಹಣೆ ಸವರಿ ಕೇಳಿದಳು.

“ನೀರ ಬೇಕೇನ ಕಸ್ತೂರಿ?”

“ಏನೂ ಬ್ಯಾಡವ್ವ. ಆರಾಮ ಐತಿ.”

ಅರ್ಧ ತಾಸಿನಲ್ಲಿ ತುಟಿ ನೀಲಿಗಟ್ಟಿತು. ಜಿಲ್ಲಾ ಕೇಂದ್ರದಿಂದ ರಕ್ತದ ಬಾಟಲಿಗಳನ್ನು ಹೊತ್ತ ಹಾರುಗಾಡಿ ಅಂಗಳಕ್ಕಿಳಿಯುವ ಹೊತ್ತಿಗೆ ಕಸ್ತೂರಿಯ ಕೈ ತಣ್ಣಗಾಗಿತ್ತು. ಹನ್ನೊಂದು ಇರಬೇಕಾದ ರಕ್ತದ ಮಟ್ಟ ನಾಲ್ಕೂವರೆ ಇತ್ತೆಂದು ಆಮೇಲೆ ಚೀಟಿ ಬಂತು. ದಿನದಿನಕ್ಕೂ ತೆಳುವಾಗುತ್ತಿದ್ದ ರಕ್ತದಲ್ಲಿ ಆ ಹುಡುಗಿ ಐದು ತಿಂಗಳು ನಗುನಗುತ್ತ ಓಡಾಡಿಕೊಂಡಿದ್ದಳು. ಫಕೀರವ್ವ ಅವತ್ತು ಅಳಲಿಲ್ಲ. ಮನೆಗೆ ಹೋಗಿ ಬಚ್ಚಲುಮನೆಯ ಗೋಡೆಯ ಮೇಲೆ ಮಗಳು ಕೆರೆದ ಗುರುತುಗಳ ಮುಂದೆ ಕುಳಿತು ಬಾಯಿಗೆ ಸೆರಗು ತುರುಕಿಕೊಂಡಳು.

ಕೂಸಿನ ವಿಷಯ ತಿಳಿದದ್ದು ಮೂರನೆಯ ದಿನ. ಅಜ್ಜಿಗೆ ಕಾಟ ಕೊಡದ ಶಾಣ್ಯಾ ಕೂಸು ಎಂದು ನೋಡಲು ಬಂದವರೆಲ್ಲ ಹೇಳುತ್ತಿದ್ದರು. ತಾಯಿಯನ್ನು ನುಂಗಿ ಬಂದದ್ದಾದರೂ ಗುಣವಂತೆ ಎಂದು ಪಕ್ಕದ ಮನೆಯ ಮುದುಕಿಯೂ ಒಪ್ಪಿದಳು. ಅದು ಹಸಿವಿಗೆ ಅಳುತ್ತಿರಲಿಲ್ಲ. ತುಟಿಗೆ ಬೆರಳು ಮುಟ್ಟಿಸಿದರೆ ಬಾಯಿ ತಿರುಗಿಸುತ್ತಿರಲಿಲ್ಲ. ಬಾಯಿಗೆ ಹಾಲು ಬಿಟ್ಟರೆ ನುಂಗುತ್ತಿತ್ತು, ಬಿಡದಿದ್ದರೆ ಕಣ್ಣು ತೆರೆದು ಚಾವಣಿ ನೋಡುತ್ತಿತ್ತು. ತೂಕಕ್ಕಿಟ್ಟ ಫಕೀರವ್ವನಿಗೆ ಅದು ಹುಟ್ಟಿದ ದಿನಕ್ಕಿಂತ ತೀರ ಇಳಿದದ್ದು ಕಂಡಿತು. ಕೇಂದ್ರಕ್ಕೆ ಓಡಿ ಬಂದು ನೋಡಿದರೆ ಆ ತಿಂಗಳು ಹುಟ್ಟಿದ ಉಳಿದ ಎಂಟು ಕೂಸುಗಳೂ ಹಾಗೆಯೇ ಇದ್ದವು. ಹೆತ್ತವರೆಲ್ಲರೂ ಪೆಟ್ಟಿಗೆಯ ಬಿಲ್ಲೆ ತಿಂದವರು.

ಕೂಸುಗಳೊಂದಿಗೆ ಕೇಂದ್ರದಲ್ಲೇ ಉಳಿಸಿಕೊಂಡ ಎಂಟು ತಾಯಂದಿರ ಕೋಣೆಯಲ್ಲಿ ಒಂದು ಅಳುವಿನ ಸದ್ದೂ ಇರಲಿಲ್ಲ. ಮಾಬೂಬಿ ಎಂಬ ಎಳೆಯ ಬಾಣಂತಿಯ ಎದೆ ಹಾಲು ತುಂಬಿ ಕಲ್ಲಾಗಿತ್ತು, ಅವಳ ಗಂಡುಕೂಸು ಚೀಪಲೊಲ್ಲದು. ಅವಳು ಹಾಲನ್ನು ಹಿಂಡಿ, ತನ್ನ ಕೂಸಿಗೆ ಚಮಚದಲ್ಲಿ ಹಾಕಿ, ಮಿಕ್ಕಿದ್ದನ್ನು ತಾಯಿಲ್ಲದ ಕೂಸಿಗೆಂದು ಫಕೀರವ್ವನಿಗೆ ಕೊಡುತ್ತಿದ್ದಳು.

ಒಂಬತ್ತನೆಯ ದಿನ ಡಾ. ಅನಂತಶಯನರು ಬಂದರು. ಗಡ್ಡ ಬೆಳೆದಿತ್ತು, ಅಂಗಿ ಮುದ್ದೆಯಾಗಿತ್ತು. ಫಕೀರವ್ವ ಕೂರಿ ಎನ್ನಲಿಲ್ಲ, ಅವರು ನಿಂತೇ ಮಾತಾಡಿದರು.

“ಬಿಲ್ಲೆಯಲ್ಲಿ ಕಬ್ಬಿಣ ಇತ್ತು, ಅಮ್ಮಾ. ಅದನ್ನು ನಾವು ಅಳೆದಿದ್ದೆವು. ಆದರೆ ಕಗ್ಗಲಿ ತೊಗಟೆಯ ಒಗರು ಆ ಕಬ್ಬಿಣವನ್ನು ಕಚ್ಚಿ ಹಿಡಿದುಕೊಂಡಿದೆ. ರಕ್ತಕ್ಕೆ ಸೇರದೆ ಹಾಗೇ ಹೊರಗೆ ಹೋಗಿದೆ. ಬಿಲ್ಲೆಯನ್ನು ಅಳೆದೆವು, ತಿಂದವರ ರಕ್ತವನ್ನು ಅಳೆಯಲಿಲ್ಲ. ಮಣ್ಣಿನ ಬಯಕೆ ಇದ್ದಿದ್ದರೆ ನಿಮಗೆ ಗೊತ್ತಾಗುತ್ತಿತ್ತು, ಅದನ್ನೂ ತಣಿಸಿಬಿಟ್ಟೆವು.”

“ನೀವಲ್ರಿ, ನಾನು,” ಎಂದಳು ಫಕೀರವ್ವ. “ನನ್ನ ಮಗಳು ಗೋಡಿ ನೆಕ್ಕತಿದ್ಲು. ಆಕಿ ಮೈ ತನ್ನ ಕೊರತಿ ತಾನ ಹೇಳತಿತ್ತು. ಕೈ ಮ್ಯಾಲ ಹೊಡದು ಬಿಡಿಸಿದಾಕಿ ನಾನು.”

ಫಕೀರವ್ವ ಕೂಸನ್ನು ಅವರ ಮುಂದೆ ಹಿಡಿದಳು.

“ಈ ಕೂಸಿಗೇನ ಆಗೇತಿ, ಅದರ ಹೇಳ್ರಿ.”

“ತಣಿವು ಸತ್ವ ಹೊಕ್ಕುಳಬಳ್ಳಿಯಿಂದ ಮಕ್ಕಳಿಗೆ ಇಳಿದಿದೆ. ಮಕ್ಕಳ ಮೆದುಳಿನಲ್ಲಿ ಹಸಿವಿನ ಜಾಗದಲ್ಲೇ ಹೋಗಿ ಕೂತಿದೆ. ಇವಕ್ಕೆ ಹಾಲು ಬೇಕು, ಬೇಕು ಅನ್ನುವುದು ಮಾತ್ರ ಇವಕ್ಕೆ ತಿಳಿಯುತ್ತಿಲ್ಲ.”

“ಮದ್ದು?”

“ಇಲ್ಲ. ಹಸಿವು ಹೆಚ್ಚಿದಷ್ಟೂ ಆ ಸತ್ವ ಬೇಗ ಕರಗುತ್ತದೆ ಅನ್ನುವುದಷ್ಟೇ ಗೊತ್ತು. ಗಡಿಯಾರ ನೋಡಿ ಹಾಲು ಹಾಕುತ್ತಿದ್ದರೆ ಮಗು ಬದುಕುತ್ತದೆ, ಆದರೆ ಜೀವಮಾನವಿಡೀ ಯಾರಾದರೂ ಗಡಿಯಾರ ನೋಡುತ್ತಲೇ ಇರಬೇಕು. ಪ್ರತಿ ಸಲ ಸ್ವಲ್ಪ ಸ್ವಲ್ಪ ತಡ ಮಾಡಿ ಕೊಟ್ಟರೆ ಒಂದು ದಿನ ಅದೇ ಕೇಳಬಹುದು.”

“ಎಷ್ಟು ತಡ?”

“ಅದು ನನಗೆ ಗೊತ್ತಿಲ್ಲ, ಅಮ್ಮಾ.”

“ಹುಟ್ಟಿ ಒಂಬತ್ತು ದಿನ ಆಗಿಲ್ಲ, ಈ ಕೂಸನ್ನ ಉಪವಾಸ ಕೆಡವು ಅಂತೀರಿ,” ಎಂದಳು ಫಕೀರವ್ವ. ಅನಂತಶಯನರು ತಲೆ ತಗ್ಗಿಸಿ ಹೌದೆಂದರು.

ಉಳಿದ ತಾಯಂದಿರು ಯಾರೂ ಒಪ್ಪಲಿಲ್ಲ, ಅವರನ್ನು ಬೈಯುವುದಾದರೂ ಹೇಗೆ? ಫಕೀರವ್ವ ಒಪ್ಪಿದಳು. ಮಗಳ ವಿಷಯದಲ್ಲಿ ಸುಲಭದ ದಾರಿ ಹಿಡಿದದ್ದಾಗಿತ್ತು. ಎರಡು ತಾಸಿಗೊಮ್ಮೆ ಕೊಡುತ್ತಿದ್ದ ಹಾಲನ್ನು ಎರಡೂವರೆಗೆ ತಂದಳು, ಮೂರಕ್ಕೆ ತಂದಳು. ಬಾಣಂತಿಯರ ಕೋಣೆಯ ಮೂಲೆಯಲ್ಲೇ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು, ಹಾಲಿನ ಬಟ್ಟಲನ್ನು ಪಕ್ಕದಲ್ಲಿಟ್ಟುಕೊಂಡು, ಕೊಡದೆ ಕೂರುತ್ತಿದ್ದಳು. ಕೂಸಿನ ನೆತ್ತಿ ತಗ್ಗಾಯಿತು, ತೊಡೆಯ ಚರ್ಮ ಸುಕ್ಕಾಯಿತು. ದಿನಾ ತೂಕ ಮಾಡಿ ಬರೆದು, ನಿನ್ನೆಯ ಅಂಕಿಯ ಜೊತೆ ಹೋಲಿಸುತ್ತಿದ್ದಳು. ತಾನು ಈ ಮನೆಯ ಎರಡನೆಯ ಜೀವವನ್ನೂ ಕಳೆಯುತ್ತಿದ್ದೇನೆ ಎಂದು ಅವಳಿಗೆ ಖಚಿತವಾಗಿಯೇ ಅನಿಸುತ್ತಿತ್ತು.

ಹದಿನೇಳನೆಯ ದಿನ ಮಧ್ಯಾಹ್ನ ಮೂರೂವರೆ ತಾಸು ದಾಟಿತು. ಇನ್ನು ತನ್ನ ಕೈಲಾಗದೆಂದು ಫಕೀರವ್ವ ಚಮಚ ತುಂಬಿದಳು. ಕೂಸಿನ ಗಲ್ಲ ನಡುಗಿತು. ಮುಖ ಕಿವುಚಿಕೊಂಡಿತು. ಬಾಯಿ ಒಂದು ಪಕ್ಕಕ್ಕೆ ತಿರುಗಿ ಏನನ್ನೋ ಹುಡುಕಿತು, ಸಿಗಲಿಲ್ಲ. ಆಮೇಲೆ ತೀರ ಸಣ್ಣ, ಒಡಕು ದನಿಯಲ್ಲಿ ಅದು ಅತ್ತಿತು.

ಕೋಣೆಯಲ್ಲಿದ್ದ ಎಂಟು ತಾಯಂದಿರೂ ಎದ್ದು ಕುಳಿತರು. ಕೆಲವರು ಬಾಣಂತಿಯರೆಂಬುದನ್ನೂ ಮರೆತು ಬರಿಗಾಲಲ್ಲಿ ಓಡಿ ಬಂದರು. ಅಳುವ ಆ ಬಾಯನ್ನು ಅವರು ಹೊಟ್ಟೆಕಿಚ್ಚಿನಿಂದ ನೋಡಿದರು. ಫಕೀರವ್ವನ ಕಣ್ಣಿಂದ ಮಗಳು ಸತ್ತಂದಿನಿಂದ ಬಾರದಿದ್ದ ನೀರು ದಳದಳ ಸುರಿಯಿತು. ಹಾಲಿನ ಚಮಚವನ್ನು ಕೂಸಿನ ತುಟಿಯ ಹತ್ತಿರ ಒಯ್ದಳು.

ಯಾರೋ ಅವಳ ಮೊಣಕೈ ಹಿಡಿದರು. ಮಾಬೂಬಿ. ಇನ್ನೊಂದು ತೋಳಿನಲ್ಲಿ ಅವಳ ಗಂಡುಕೂಸು ಕಣ್ಣು ತೆರೆದುಕೊಂಡು ಸುಮ್ಮನೆ ಮಲಗಿತ್ತು. ಚಮಚದಲ್ಲಿದ್ದ ಹಾಲು ಅವಳದೇ.

“ಫಕೀರವ್ವಕ್ಕಾ, ಒಂದ್ ಚೂರು ತಡದು ಕೊಡ್ರಿ,” ಎಂದಳು ಮಾಬೂಬಿ, ತಪ್ಪು ಮಾಡಿದವಳ ಹಾಗೆ ಮೆಲ್ಲಗೆ. “ನಮ್ಮ ಕೂಸುಗೊಳು ಅಳೂದು ಹೆಂಗಂತ ಕೇಳಲಿ.”

ಎಂಟು ತಾಯಂದಿರೂ ತಮ್ಮ ತಮ್ಮ ಕೂಸುಗಳನ್ನು ಎತ್ತಿಕೊಂಡು ಹತ್ತಿರ ಬಂದು ಕುಳಿತರು. ತೊಡೆಯ ಮೇಲಿನ ಕೂಸು ಕೈಕಾಲು ಬಡಿಯುತ್ತ ಇನ್ನೂ ಜೋರಾಗಿ ಅತ್ತಿತು. ಫಕೀರವ್ವ ಚಮಚವನ್ನು ಬಟ್ಟಲಿಗೆ ಇಳಿಸಿದಳು.